ತಮ್ಮನ ತಲೆಗೆ ಅವನದೇ ಮೂಳೆಯೋ, ಟೈಟೇನಿಯಮ್ಮೋ?

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ನಾಲ್ಕು ತಿಂಗಳ ಹಿಂದೆ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮಿದುಳು ಊದಿಕೊಂಡಿತ್ತು. ಎಡಗಡೆ ಹಣೆಯಿಂದ ಕಿವಿಯ ಹಿಂದಿನವರೆಗೆ ಬುರುಡೆಯ ಮೂಳೆ ತೆಗೆದರು. ಅದು ಎರಡು ತುಂಡಾಗಿತ್ತಂತೆ, ಫ್ರೀಜರ್‌ನಲ್ಲಿ ಇಟ್ಟಿದ್ದಾರೆ. ಹೊಲಿಗೆಯ ಒಂದು ತುದಿಯಲ್ಲಿ ಒಂದೂವರೆ ತಿಂಗಳು ಕೀವು ಸೋರುತ್ತಿತ್ತು, ಈಗ ಒಣಗಿದೆ. ನಡೆದಾಡುತ್ತಾನೆ, ಮಾತಾಡುತ್ತಾನೆ. ಆದರೆ ಎದ್ದು ಕೂತರೆ ತಲೆನೋವು, ಮಲಗಿದರೆ ಕಡಿಮೆ. ಈಗ ಡಾಕ್ಟರು ಅವನದೇ ಮೂಳೆ, ಟೈಟೇನಿಯಂ, ಪೀಕ್ ಎಂಬ ಪ್ಲಾಸ್ಟಿಕ್ ಮತ್ತು ಬೋನ್ ಸಿಮೆಂಟ್ ಎಂದು ನಾಲ್ಕು ದಾರಿ ಹೇಳಿ, ಮನೆಯವರು ಯೋಚಿಸಿ ಬನ್ನಿ ಎಂದಿದ್ದಾರೆ. ತಲೆಯೊಳಗೆ ಲೋಹ ಇಟ್ಟರೆ ಜೀವಮಾನದಲ್ಲಿ ಎಂ.ಆರ್.ಐ. ಮಾಡಿಸುವ ಹಾಗಿಲ್ಲ ಎಂದು ಹತ್ತಿರದವರು ಹೆದರಿಸುತ್ತಿದ್ದಾರೆ. ಯಾವುದು ಒಳ್ಳೆಯದು?

ಉತ್ತರ: ನೀವು ಬರೆದಿರುವಷ್ಟನ್ನು ನೋಡಿ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಮ್ಮನ ವಿಷಯದಲ್ಲಿ ಫ್ರೀಜರ್‌ನಲ್ಲಿರುವ ಮೂಳೆಯೇ ಬೇಕು ಎಂದು ನಾನು ಹಠ ಹಿಡಿಯುವುದಿಲ್ಲ. ಅವನ ಸಿ.ಟಿ. ನೋಡಿ ಅವನ ಅಳತೆಗೇ ಮಾಡಿಸಿದ ಟೈಟೇನಿಯಂ ಅಥವಾ ಪೀಕ್ ತಟ್ಟೆಯತ್ತ ನನ್ನ ಮನಸ್ಸು ವಾಲುತ್ತದೆ. ಆ ಎರಡರಲ್ಲಿ ಯಾವುದು ಅನ್ನುವುದನ್ನು ಅವನ ನೆತ್ತಿಯ ಚರ್ಮ ಮುಟ್ಟಿ ನೋಡಿದವರು ಹೇಳಬೇಕು. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂದು ಬಿಡಿಸಿ ಬರೆಯುತ್ತೇನೆ. ಕಾರಣ ಗೊತ್ತಿದ್ದರೆ ನಿಮ್ಮ ಡಾಕ್ಟರ ಎದುರು ಕೂತು ಸರಿಯಾದ ಪ್ರಶ್ನೆ ಕೇಳಲು ನಿಮಗೇ ಅನುಕೂಲ.

ತಲೆನೋವಿನ ಮಾತು ಮೊದಲು. ಅದನ್ನು ನೀವು ನಡುವೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ನನಗೆ ಅದೇ ಮುಖ್ಯವಾಗಿ ಕಂಡಿತು. ಬುರುಡೆ ಗಟ್ಟಿ ಪೆಟ್ಟಿಗೆ. ಅದರಲ್ಲಿ ಅಂಗೈಯಗಲ ಕಿಟಕಿ ತೆರೆದಿಟ್ಟರೆ ಹೊರಗಿನ ಗಾಳಿಯ ಒತ್ತಡ ಚರ್ಮದ ಮೂಲಕ ನೇರವಾಗಿ ಮಿದುಳಿನ ಮೇಲೆ ಕೂರುತ್ತದೆ. ಎದ್ದು ಕೂತಾಗ ಮಿದುಳಿನ ಸುತ್ತಲಿನ ನೀರು ಬೆನ್ನುಹುರಿಯ ಕಡೆಗೆ ಇಳಿಯುವುದರಿಂದ ಆ ಜಾಗ ಇನ್ನಷ್ಟು ಒಳಕ್ಕೆ ಕುಸಿಯುತ್ತದೆ. ತಲೆನೋವು, ತಲೆಸುತ್ತು, ಮಂಕು, ಕೆಲವರಲ್ಲಿ ಒಂದು ಕಡೆಯ ಕೈಕಾಲಿನ ಶಕ್ತಿ ಕುಂದುವುದು, ಇವೆಲ್ಲ ಇದರಿಂದ ಬರಬಹುದು. ಮೂಳೆಯ ಜಾಗ ಮುಚ್ಚಿದ ಮೇಲೆ ಎಷ್ಟೋ ಜನರಲ್ಲಿ ಇವು ಇಳಿಯುತ್ತವೆ. ಕೆಲವರ ಮಾತು, ನಡಿಗೆ ಕೂಡ ಮನೆಯವರೇ ಬೆರಗಾಗುವಷ್ಟು ಸುಧಾರಿಸುತ್ತದೆ. ಆದ್ದರಿಂದ ಈ ಆಪರೇಷನ್ ಬರೀ ಅಂದಕ್ಕಾಗಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಂಜೆ ಹೊತ್ತಿಗೆ ಅವನು ಕೂತಿರುವಾಗ ಆ ಜಾಗ ಬಟ್ಟಲಿನಂತೆ ಗುಳಿ ಬೀಳುತ್ತದೆಯೇ ನೋಡಿ, ಬಿದ್ದರೆ ಡಾಕ್ಟರಿಗೆ ಹೇಳಿ. ಎಷ್ಟು ದಿನ ಕಾಯಬೇಕು ಎಂಬ ಲೆಕ್ಕ ಅದರಿಂದ ಬದಲಾಗುತ್ತದೆ.

ಇನ್ನು ಅವನದೇ ಮೂಳೆ. ಸಾಮಾನ್ಯವಾಗಿ ಹೆಚ್ಚಿನವರ ಮೊದಲ ಆಯ್ಕೆ ಅದೇ, ನನ್ನದೂ ಅದೇ. ಅಳತೆ ತಾನಾಗಿಯೇ ಕೂರುತ್ತದೆ, ಹೊರಗಿನ ವಸ್ತು ಎಂಬ ಮಾತೇ ಇಲ್ಲ, ಬೇರೆ ಖರ್ಚಿಲ್ಲ, ಬೆಸೆದುಕೊಂಡರೆ ಅದು ಮತ್ತೆ ಜೀವಂತ ಬುರುಡೆ. ತೆಗೆದ ಚಿಪ್ಪನ್ನು ಎರಡು ರೀತಿ ಕಾಪಾಡುತ್ತಾರೆ. ಒಂದು, ಮೈನಸ್ 70ರಿಂದ 80 ಡಿಗ್ರಿಯ ಫ್ರೀಜರ್. ಇನ್ನೊಂದು, ರೋಗಿಯ ಹೊಟ್ಟೆಯ ಚರ್ಮದಡಿಯ ಕೊಬ್ಬಿನಲ್ಲಿ ಚೀಲ ಮಾಡಿ ಹುದುಗಿಸುವುದು. ಹೊಟ್ಟೆಯಲ್ಲಿಟ್ಟರೆ ಫ್ರೀಜರ್ ಬೇಕಿಲ್ಲ, ಬೇರೆಯವರ ಮೂಳೆಯೊಂದಿಗೆ ಅದಲುಬದಲಾಗುವ ಭಯವಿಲ್ಲ. ಆದರೆ ಇನ್ನೊಂದು ಗಾಯ, ಇನ್ನೊಂದು ಹೊಲಿಗೆ. ಅಲ್ಲಿಯೂ ಅಂಚುಗಳು ಸ್ವಲ್ಪ ಸವೆಯುವುದುಂಟು.

ಎಲ್ಲಿಟ್ಟಿದ್ದರೂ ಹಾಕುವ ಹೊತ್ತಿಗೆ ಆ ಚಿಪ್ಪು ಹೆಚ್ಚುಕಡಿಮೆ ನಿರ್ಜೀವ ಎಂಬುದನ್ನು ಮನೆಯವರು ತಿಳಿದಿರಬೇಕು. ರಕ್ತ ಸಂಚಾರವಿಲ್ಲ, ಜೀವಕೋಶಗಳು ಬಹುತೇಕ ಸತ್ತಿರುತ್ತವೆ. ವಾಪಸ್ ಕೂರಿಸಿದ ಮೇಲೆ ಸುತ್ತಲಿನ ಬುರುಡೆಯಿಂದಲೂ ಕೆಳಗಿನ ಹೊದಿಕೆಯಿಂದಲೂ ಹೊಸ ರಕ್ತನಾಳಗಳು, ಹೊಸ ಕೋಶಗಳು ನುಗ್ಗುತ್ತವೆ. ಹಳೆಯ ಗೋಡೆಯ ಒಂದೊಂದೇ ಇಟ್ಟಿಗೆ ಕಿತ್ತು ಅಲ್ಲೇ ಹೊಸ ಇಟ್ಟಿಗೆ ಕೂರಿಸುತ್ತಾ ಹೋದ ಹಾಗೆ ಕೆಲಸ ನಡೆಯುತ್ತದೆ. ಕೀಳುವುದು ಬೇಗ, ಕೂರಿಸುವುದು ನಿಧಾನ ಆಯಿತೋ, ಗೋಡೆ ಕರಗುತ್ತದೆ. ಮೂಳೆ ಕರಗುವುದು ಎಂದು ನಾವು ಕರೆಯುವುದು ಇದನ್ನೇ.

ಇದನ್ನು ನಾನು ಕಣ್ಣಾರೆ ಕಂಡು ಪಾಠ ಕಲಿತದ್ದು ಒಂಬತ್ತು ವರ್ಷದ ಹುಡುಗನೊಬ್ಬನಲ್ಲಿ. ಅವನದೇ ಮೂಳೆ ಹಾಕಿದ್ದೆ, ಚೆನ್ನಾಗಿ ಕೂತಿತ್ತು, ಮೂರು ತಿಂಗಳ ಸಿ.ಟಿ. ಕೂಡ ಸಮಾಧಾನಕರವಾಗಿತ್ತು. ವರ್ಷದ ಹತ್ತಿರ ಅವನ ತಾಯಿ ಬಂದು, ತಲೆ ಬಾಚುವಾಗ ಬಾಚಣಿಗೆ ಒಂದು ಕಡೆ ತಡೆಯುತ್ತದೆ ಡಾಕ್ಟ್ರೇ ಎಂದರು. ಬೆರಳಿಟ್ಟು ನೋಡಿದರೆ ಚರ್ಮದಡಿ ಸ್ಕ್ರೂವಿನ ತಲೆ ಎದ್ದು ನಿಂತಿತ್ತು. ಅದರ ಪಕ್ಕದಲ್ಲಿ ಒತ್ತಿದರೆ ಗಟ್ಟಿ ಇರಬೇಕಾದ ಜಾಗ ಮೆತ್ತಗೆ ಒಳಗೆ ಹೋಗುತ್ತಿತ್ತು. ಹೊಸ ಸಿ.ಟಿ.ಯಲ್ಲಿ ಚಿಪ್ಪು ಹುಳು ತಿಂದ ಎಲೆಯ ಹಾಗೆ ಕಂಡಿತು, ಸ್ಕ್ರೂ ಹಿಡಿದುಕೊಳ್ಳಲು ಮೂಳೆಯೇ ಉಳಿದಿರಲಿಲ್ಲ. ನನ್ನ ಕೈಯಿಂದ ತಪ್ಪೇನೂ ಆಗಿರಲಿಲ್ಲ. ಆದರೂ ಆ ತಾಯಿಗೆ ಮೊದಲೇ ಬಿಡಿಸಿ ಹೇಳಿರಲಿಲ್ಲ ಎಂಬ ಕೊರಗು ಉಳಿಯಿತು. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಹೀಗೆ ಕರಗುವುದು ಹೆಚ್ಚು. ಚಿಪ್ಪು ದೊಡ್ಡದಾದಷ್ಟೂ, ತುಂಡು ತುಂಡಾಗಿದ್ದಷ್ಟೂ ಅಪಾಯ ಏರುತ್ತದೆ. ಮಿದುಳಿನ ನೀರು ಇಳಿಸುವ ಶಂಟ್ ನಳಿಕೆ ಇದ್ದವರಲ್ಲೂ ಹಾಗೆಯೇ.

ದೊಡ್ಡವರಲ್ಲಿ ಎಷ್ಟು ಎಂದು ಕೇಳಿದರೆ ವರದಿಯಿಂದ ವರದಿಗೆ ಅಂಕಿ ಬಹಳ ಬದಲಾಗುತ್ತದೆ. ಆಸ್ಟ್ರೇಲಿಯಾದಲ್ಲಿ 64 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಸ್ವಂತ ಮೂಳೆ, ಇನ್ನೊಂದಕ್ಕೆ ಅಳತೆಗೆ ಮಾಡಿದ ಟೈಟೇನಿಯಂ ಹಾಕಿ ಹೋಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಸ್ವಂತ ಮೂಳೆಯ ಗುಂಪಿನಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರ ಮೂಳೆ ಕರಗಿ, ಇದ್ದೂ ಇಲ್ಲದಂತಾಗಿತ್ತು. ಚಿಕ್ಕ ಅಧ್ಯಯನ, ನಿಜ. ಆದರೆ ಸ್ವಂತ ಮೂಳೆ ಅಂದರೆ ಕಣ್ಣು ಮುಚ್ಚಿ ಒಪ್ಪಬಹುದು ಎಂಬ ನಮ್ಮ ಹಳೆಯ ನಂಬಿಕೆಯನ್ನು ಅದು ಅಲುಗಾಡಿಸಿತು.

ನಿಮ್ಮ ತಮ್ಮನಿಗೆ ಬರೋಣ. ಮೂಳೆ ಎರಡು ತುಂಡು, ಇದು ಒಂದು. ಎರಡನೆಯದು, ಆ ಕೀವು. ಸೋರಿಕೆ ಚರ್ಮದ ಮೇಲ್ಪದರದಲ್ಲಿ ಮಾತ್ರ ಇತ್ತೋ ಆಳಕ್ಕೆ ಇಳಿದಿತ್ತೋ ನಿಮ್ಮ ಪತ್ರದಿಂದ ಗೊತ್ತಾಗುವುದಿಲ್ಲ. ಸೋಂಕು ಸ್ವಲ್ಪ ಉಳಿದಿದ್ದರೂ, ರಕ್ತ ಸಂಚಾರವಿಲ್ಲದ ಮೂಳೆಯೊಳಗೆ ಆ್ಯಂಟಿಬಯೋಟಿಕ್ ತಲುಪುವುದೇ ಇಲ್ಲ, ಅಲ್ಲಿ ಕ್ರಿಮಿ ಬೀಡುಬಿಟ್ಟರೆ ಚಿಪ್ಪನ್ನು ತೆಗೆಯದೆ ಬೇರೆ ದಾರಿಯಿಲ್ಲ. ತೆಗೆದ ಮೂಳೆ ಹಾಗೇ ಹೋಯಿತು, ಎರಡನೇ ಸಲಕ್ಕೆ ಉಳಿಯುವುದಿಲ್ಲ. ಹಾಗಾದರೆ ಆ ಮೂಳೆಯನ್ನು ಆಟೋಕ್ಲೇವ್ ಎಂಬ ಬಿಸಿ ಹಬೆಯ ಯಂತ್ರದಲ್ಲಿಟ್ಟು ಕ್ರಿಮಿ ಸಾಯಿಸಿ ಹಾಕಬಾರದೇ ಎಂದು ಬಹಳ ಜನ ಕೇಳುತ್ತಾರೆ. ಕ್ರಿಮಿ ಸಾಯುತ್ತದೆ. ಜೊತೆಗೆ ಹೊಸ ಕೋಶಗಳನ್ನು ಕರೆದು ಕೂರಿಸುವ ಮೂಳೆಯ ಪ್ರೋಟೀನುಗಳೂ ಹಾಳಾಗುತ್ತವೆ. ಹಾಗೆ ಮಾಡುವವರಿದ್ದಾರೆ, ಬೇರೇನೂ ಇಲ್ಲದ ಕಡೆ ಅದು ತಪ್ಪಲ್ಲ. ಬೇರೆ ದಾರಿ ಇರುವಾಗ ನಾನು ಮಾಡುವುದಿಲ್ಲ.

ಲೋಹದ ಭಯವನ್ನು ಈಗಲೇ ಮುಗಿಸಿಬಿಡೋಣ. ಟೈಟೇನಿಯಂ ಕಬ್ಬಿಣವಲ್ಲ, ಅಯಸ್ಕಾಂತ ಅದನ್ನು ಸೆಳೆಯುವುದಿಲ್ಲ. ಬುರುಡೆಯಲ್ಲಿ ಟೈಟೇನಿಯಂ ಇರುವ ರೋಗಿಗಳಿಗೆ ನಾವು ದಿನಾ ಎಂ.ಆರ್.ಐ. ಮಾಡಿಸುತ್ತೇವೆ. ತಟ್ಟೆಯ ಆಸುಪಾಸಿನಲ್ಲಿ ಚಿತ್ರ ಸ್ವಲ್ಪ ಕಲಕಿದಂತೆ ಕಾಣುತ್ತದೆ, ಅಷ್ಟೇ. ಸಿ.ಟಿ.ಯಲ್ಲೂ ಗೆರೆಗಳು ಬೀಳುತ್ತವೆ. ಮಿದುಳಿನ ಗೆಡ್ಡೆಗಾಗಿ ಮೂಳೆ ತೆಗೆದವರಿಗೆ, ಮುಂದೆ ವಿಕಿರಣ ಚಿಕಿತ್ಸೆ ಬೇಕಾದವರಿಗೆ, ಪದೇ ಪದೇ ಸ್ಕ್ಯಾನ್ ಮಾಡಿ ಸಣ್ಣ ಬದಲಾವಣೆ ಹುಡುಕಬೇಕಾದವರಿಗೆ ಇದು ದೊಡ್ಡ ಮಾತು, ಅಂಥವರಿಗೆ ಪೀಕ್ ಉತ್ತಮ. ಪೆಟ್ಟು ಬಿದ್ದು ಚೇತರಿಸಿಕೊಂಡ ಹುಡುಗನಿಗೆ ಇದು ಅಡ್ಡಿಯಾಗುವುದಿಲ್ಲ. ನಿಮ್ಮವರ ಹೆದರಿಕೆ ನನಗೆ ಅರ್ಥವಾಗುತ್ತದೆ, ಅದಕ್ಕೆ ಬಹಳ ಹಿಂದಿನ ಬೇರು ಇದೆ. 1668ರಲ್ಲಿ ಡಚ್ ಶಸ್ತ್ರವೈದ್ಯ ಯೋಬ್ ವಾನ್ ಮೇಕರೆನ್ ಅವರ ಬರಹದಲ್ಲಿ, ರಷ್ಯಾದ ಶ್ರೀಮಂತನೊಬ್ಬನ ಬುರುಡೆಯ ತೂತಿಗೆ ನಾಯಿಯ ಮೂಳೆ ಹಾಕಿ ಗುಣಪಡಿಸಿದ ಪ್ರಸಂಗ ಬರುತ್ತದೆ. ಚರ್ಚಿನವರು ಅವನನ್ನು ಧರ್ಮದಿಂದಲೇ ಹೊರಗಿಟ್ಟರು, ಅವನು ಬಂದು ಅದನ್ನು ತೆಗೆದುಬಿಡಿ ಎಂದು ಬೇಡಿಕೊಂಡನಂತೆ. ತಲೆಯೊಳಗೆ ಪರವಸ್ತು ಎಂದರೆ ಮನುಷ್ಯನ ಮನಸ್ಸು ಅಂದಿನಿಂದಲೂ ಹಿಂಜರಿಯುತ್ತದೆ.

ಟೈಟೇನಿಯಮ್ಮಿನ ನಿಜವಾದ ತೊಂದರೆ ಬೇರೆಯೇ ಇದೆ, ಅದನ್ನು ಹತ್ತಿರದವರು ಯಾರೂ ಹೇಳುವುದಿಲ್ಲ. ತಟ್ಟೆ ತೆಳು, ಒಂದು ಮಿಲಿಮೀಟರ್‌ಗಿಂತ ಕಡಿಮೆ, ಬಹಳ ಗಟ್ಟಿ. ಅದರ ಮೇಲಿನ ಚರ್ಮ ತೆಳುವಾಗಿದ್ದರೆ, ಗಾಯದ ಕಲೆಯಿಂದ ಬಿಗಿದುಕೊಂಡಿದ್ದರೆ, ವರ್ಷಗಳು ಕಳೆದಂತೆ ಲೋಹದ ಅಂಚು ಒಳಗಿನಿಂದ ಚರ್ಮವನ್ನು ಸವೆಸುತ್ತದೆ. ಮೊದಲು ಅಲ್ಲಿ ಕೂದಲು ಉದುರಿ ಚರ್ಮ ಹೊಳೆಯಲು ಶುರುವಾಗುತ್ತದೆ. ಆಮೇಲೆ ಸಾಸಿವೆ ಕಾಳಿನಷ್ಟು ಹುಣ್ಣು. ಒಂದು ದಿನ ಅದರ ತಳದಲ್ಲಿ ಬೂದು ಬಣ್ಣದ ಲೋಹ ಕಾಣುತ್ತದೆ. ಅಷ್ಟಾದ ಮೇಲೆ ಮುಲಾಮಿನಿಂದ ಅದು ಮುಚ್ಚುವುದಿಲ್ಲ. ಟೈಟೇನಿಯಂ ಬೇಗ ಬಿಸಿಯಾಗುತ್ತದೆ, ಬೇಗ ತಣ್ಣಗಾಗುತ್ತದೆ, ಸುಡುಬಿಸಿಲಲ್ಲಿ ಅಥವಾ ಕೊರೆಯುವ ಚಳಿಯಲ್ಲಿ ಕೆಲವರಿಗೆ ಆ ಜಾಗದಲ್ಲಿ ಕಿರಿಕಿರಿ ಆಗುತ್ತದೆ. ಇಷ್ಟಿದ್ದರೂ ಸೋಂಕಿನ ಇತಿಹಾಸವಿರುವ ಜಾಗಕ್ಕೆ ನಾನು ಹೆಚ್ಚಾಗಿ ಟೈಟೇನಿಯಮ್ಮನ್ನೇ ನೆಚ್ಚುತ್ತೇನೆ. ದೇಹ ಅದನ್ನು ಸಹಿಸಿಕೊಳ್ಳುತ್ತದೆ, ಅದು ಮುರಿಯುವುದಿಲ್ಲ, ಕರಗುವುದಿಲ್ಲ, ಜಾಲರಿಯಂಥ ತಟ್ಟೆಯಾದರೆ ಅದರ ತೂತುಗಳ ಮೂಲಕ ಅಂಗಾಂಶ ಬೆಳೆದು ಮೇಲಿನ ಪದರವೂ ಕೆಳಗಿನ ಪದರವೂ ಕೈ ಹಿಡಿದುಕೊಳ್ಳುತ್ತವೆ.

ಪೀಕ್ ಎಂಬುದು ಬಹಳ ಗಟ್ಟಿಯಾದ, ಮಾಸಲು ಬಿಳಿಯ ಪ್ಲಾಸ್ಟಿಕ್. ಬೆನ್ನುಮೂಳೆಯ ಆಪರೇಷನ್ನುಗಳಲ್ಲಿ ಬಳಸಿ ಬಳಸಿ ನಮಗೆ ಹಳೆಯ ಪರಿಚಯ. ಅದರ ಬಿಗುವು ಲೋಹಕ್ಕಿಂತ ಮೂಳೆಗೆ ಹತ್ತಿರ, ಸ್ಕ್ಯಾನಿನಲ್ಲಿ ಅಡ್ಡ ಬರುವುದಿಲ್ಲ, ಬಿಸಿ ತಂಪು ದಾಟಿಸುವುದಿಲ್ಲ, ಟೇಬಲ್ಲಿನ ಮೇಲೆಯೇ ಅಂಚನ್ನು ಡ್ರಿಲ್ಲಿನಿಂದ ಕೆತ್ತಿ ಸರಿಪಡಿಸಬಹುದು. ಕೈಯಲ್ಲಿ ಹಿಡಿದರೆ ನಿಜವಾದ ಮೂಳೆಯಷ್ಟೇ ದಪ್ಪ, ಅಂಚಿನಲ್ಲಿ ನುಣುಪು. ಆ ನುಣುಪೇ ಅದರ ಕೊರತೆ ಕೂಡ. ಅಂಗಾಂಶ ಅದಕ್ಕೆ ಅಂಟುವುದಿಲ್ಲ, ಆದ್ದರಿಂದ ತಟ್ಟೆಯ ಕೆಳಗೋ ಮೇಲೋ ನೀರು ತುಂಬಿಕೊಳ್ಳಬಹುದು. ಆಪರೇಷನ್ ಮಾಡುವವರು ಅದರಲ್ಲಿ ಸಾಲು ತೂತು ಕೊರೆದು, ಮಿದುಳಿನ ಹೊದಿಕೆಯನ್ನು ದಾರದಿಂದ ಎಳೆದು ಅದಕ್ಕೆ ಕಟ್ಟುವುದು ಇದಕ್ಕಾಗಿಯೇ. ಬೆಲೆ ಎಲ್ಲಕ್ಕಿಂತ ಹೆಚ್ಚು. ಆ ಹೆಚ್ಚುವರಿ ಖರ್ಚಿಗಾಗಿ ಸಾಲ ಮಾಡಬೇಕಾದ ಮನೆಯಾದರೆ ನನ್ನ ಸ್ಪಷ್ಟ ಮಾತು: ಬೇಡ. ಟೈಟೇನಿಯಮ್ಮಿಗಿಂತ ಪೀಕ್ ಅಷ್ಟು ಮೇಲು ಎಂದು ಯಾರೂ ತೋರಿಸಿಕೊಟ್ಟಿಲ್ಲ.

ಎರಡನ್ನೂ ತಯಾರಿಸುವ ರೀತಿ ಹೆಚ್ಚುಕಡಿಮೆ ಒಂದೇ. ತೆಳು ತೆಳು ಪದರದ ಸಿ.ಟಿ. ತೆಗೆದು, ಕಂಪ್ಯೂಟರಿನಲ್ಲಿ ಬಲಗಡೆಯ ಬುರುಡೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎಡಗಡೆಯ ಕಿಟಕಿಯ ಮೇಲೆ ಕೂರಿಸುತ್ತಾರೆ. ಅದರಂತೆ ತಟ್ಟೆಯನ್ನು ಅಚ್ಚು ಹಾಕುತ್ತಾರೆ ಅಥವಾ ಕೊರೆದು ತೆಗೆಯುತ್ತಾರೆ. ಸ್ಕ್ಯಾನ್ ತೆಗೆದ ಮೇಲೆ ತಟ್ಟೆ ಬರಲು ಕೆಲವು ವಾರ ಹಿಡಿಯಬಹುದು, ಆ ನಡುವೆ ಮಿದುಳು ಹೊರಕ್ಕೆ ಉಬ್ಬಿದರೆ ತಟ್ಟೆ ಕೂರುವುದು ಕಷ್ಟ. ಒಂದು ಸಣ್ಣ ಸಲಹೆ: ಕಣತಲೆಯ, ಅಂದರೆ ಕಣ್ಣು ಕಿವಿಗಳ ನಡುವಿನ ಜಾಗದ, ಸ್ನಾಯು ಈಗಾಗಲೇ ಕುಗ್ಗಿರುತ್ತದೆ, ಆದ್ದರಿಂದ ತಟ್ಟೆ ಎಷ್ಟು ಕರಾರುವಾಕ್ಕಾಗಿ ಕೂತರೂ ಕಿವಿಯ ಮುಂದೆ ಮೇಲ್ಭಾಗದಲ್ಲಿ ಸ್ವಲ್ಪ ಗುಳಿ ಉಳಿಯಬಹುದು. ಇದನ್ನು ಅವನಿಗೆ ಮೊದಲೇ ಹೇಳಿಡಿ. 24ರ ಹುಡುಗ ಕನ್ನಡಿ ನೋಡಿಕೊಳ್ಳುತ್ತಾನೆ.

ಬೋನ್ ಸಿಮೆಂಟ್ ಹೆಸರು ಕೇಳಿ ಗಾಬರಿಯಾಗಬೇಡಿ. ಅದು ಅಕ್ರಿಲಿಕ್, ಪಿ.ಎಂ.ಎಂ.ಎ. ಎನ್ನುತ್ತೇವೆ, 1940ರ ದಶಕದಿಂದ ಬಳಕೆಯಲ್ಲಿದೆ. ಪುಡಿಗೆ ದ್ರವ ಬೆರೆಸಿ ಕಲಕಿದರೆ ಮೂಗಿಗೆ ಬಡಿಯುವ ಘಾಟು ಬರುತ್ತದೆ, ಕೆಲವು ನಿಮಿಷಗಳಲ್ಲಿ ನಾದಿದ ಹಿಟ್ಟಿನ ಹದಕ್ಕೆ ಬರುತ್ತದೆ. ಮಿದುಳಿನ ಹೊದಿಕೆಯ ಮೇಲೆ ರಕ್ಷಣೆಗೆ ಒಂದು ಪದರ ಹಾಸಿ, ಹಿಟ್ಟನ್ನು ಒತ್ತಿ ಆಕಾರ ಕೊಡುತ್ತೇವೆ. ಆಮೇಲಿನ ನಿಮಿಷಗಳೇ ಕಷ್ಟದವು. ಗಟ್ಟಿಯಾಗುವಾಗ ಅದು ಕೈಗವಸಿನ ಮೂಲಕವೇ ಚುರುಕು ಮುಟ್ಟುವಷ್ಟು ಕಾಯುತ್ತದೆ. ಸಹಾಯಕರು ಒಂದೇ ಸಮನೆ ತಣ್ಣನೆ ಸಲೈನ್ ಹೊಯ್ಯುತ್ತಿರುತ್ತಾರೆ, ಅಥವಾ ನಾವು ಅದನ್ನು ಎತ್ತಿ ಹೊರಗಿಟ್ಟು ಆರಿಸಿ ಮತ್ತೆ ಕೂರಿಸುತ್ತೇವೆ. ಅಚ್ಚು ಮಾಡಿಟ್ಟುಕೊಂಡು ಹೊರಗೇ ತಯಾರಿಸುವ ಪದ್ಧತಿಯಲ್ಲಿ ಈ ಕಾವಿನ ಗೊಡವೆಯಿಲ್ಲ. ಅಗ್ಗ, ಎಲ್ಲಿಯೂ ಸಿಗುತ್ತದೆ, ಅದರೊಳಗೇ ಆ್ಯಂಟಿಬಯೋಟಿಕ್ ಬೆರೆಸಬಹುದು. ಆದರೆ ಬಲವಾದ ಪೆಟ್ಟು ಬಿದ್ದರೆ ಒಡೆಯುತ್ತದೆ, ಸುತ್ತಲಿನ ಮೂಳೆಯೊಂದಿಗೆ ಎಂದೂ ಬೆಸೆಯುವುದಿಲ್ಲ. ಚಿಕ್ಕ, ಮಧ್ಯಮ ಗಾತ್ರದ ಜಾಗಕ್ಕೆ ಇದು ಮರ್ಯಾದಸ್ಥ ಆಯ್ಕೆ. ನಿಮ್ಮ ತಮ್ಮನದು ಹಣೆಯಿಂದ ಕಿವಿಯ ಹಿಂದಿನವರೆಗೆ, ಅಷ್ಟು ದೊಡ್ಡ ಬಾಗನ್ನು ಟೇಬಲ್ಲಿನ ಮೇಲೆ ಕೈಯಲ್ಲೇ ತಿದ್ದಿ ಸರಿ ಕೂರಿಸುವುದು ನುರಿತವರಿಗೂ ಕಷ್ಟ.

ಹೈಡ್ರಾಕ್ಸಿಅಪಟೈಟ್ ಎಂಬ ಹೆಸರೂ ನಿಮ್ಮ ಕಿವಿಗೆ ಬೀಳಬಹುದು. ಮೂಳೆಯ ಖನಿಜವೇ ಅದು, ಸಣ್ಣ ತೂತುಗಳಿಗೆ, ಅಂಚಿನ ಸಂದುಗಳಿಗೆ ಒಳ್ಳೆಯದು. ಆದರೆ ಪಿಂಗಾಣಿಯಂತೆ ಸೀಳುತ್ತದೆ.

ಇನ್ನೊಂದು ದಾರಿಯನ್ನು ನಿಮ್ಮ ಡಾಕ್ಟರು ಹೇಳಿಲ್ಲ, ಬಹುಶಃ ಜಾಗ ದೊಡ್ಡದಾದ್ದರಿಂದ. ಬುರುಡೆಯ ಮೂಳೆಗೆ ಹೊರ ಹಾಳೆ, ಒಳ ಹಾಳೆ ಎಂದು ಎರಡು ಪದರ, ನಡುವೆ ಸ್ಪಂಜಿನಂಥ ಭಾಗ. ಇನ್ನೊಂದು ಬದಿಯಿಂದ ಒಂದು ತುಂಡು ತೆಗೆದು, ಬಿಸ್ಕತ್ತನ್ನು ನಡುವೆ ಬಿಡಿಸಿದ ಹಾಗೆ ಸೀಳಿ, ಒಂದು ಹಾಳೆ ಅಲ್ಲಿಗೇ ವಾಪಸ್, ಇನ್ನೊಂದು ತೂತಿಗೆ. ಆ ಒಂಬತ್ತು ವರ್ಷದ ಹುಡುಗನಿಗೆ ಕೊನೆಗೆ ನಾನು ಮಾಡಿದ್ದು ಇದನ್ನೇ. ತಾಜಾ ಮೂಳೆಯಾದ್ದರಿಂದ ಹಿಡಿದುಕೊಂಡಿತು. ಬೆಳೆಯುವ ತಲೆಗೆ ಜೀವಂತ ಮೂಳೆಯೇ ಸೂಕ್ತ, ತಟ್ಟೆ ಬೆಳೆಯುವುದಿಲ್ಲವಲ್ಲ. ಮೂರು ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ನಡುವಿನ ಪದರ ಸರಿಯಾಗಿ ಬೆಳೆದಿರುವುದಿಲ್ಲ, ಸೀಳುವುದು ಕಷ್ಟ, ಆಗ ಪಕ್ಕೆಲುಬಿನ ಮೊರೆ ಹೋಗುವುದುಂಟು. ಇನ್ನೂ ಚಿಕ್ಕ ಕೂಸುಗಳಲ್ಲಿ ಮಿದುಳಿನ ಹೊದಿಕೆಯೇ ಹೊಸ ಮೂಳೆ ಹುಟ್ಟಿಸಿ ಸಣ್ಣ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಈಗ ನಿಮ್ಮ ನಿರ್ಧಾರದ ಗಂಟು. ಒಂದು ಕಡೆ ಆ ತಲೆನೋವು ಬೇಗ ಮುಚ್ಚಿ ಎನ್ನುತ್ತಿದೆ, ಇನ್ನೊಂದು ಕಡೆ ಕೀವು ಸೋರಿದ ಹೊಲಿಗೆ ಇನ್ನೂ ಸ್ವಲ್ಪ ಕಾಯಿ ಎನ್ನುತ್ತಿದೆ. ಸೋಂಕು ಆಗಿಹೋದ ಜಾಗಕ್ಕೆ ಒಣಗಿದ ದಿನದಿಂದ ಮೂರರಿಂದ ಆರು ತಿಂಗಳು ಬಿಡುವುದು ಸಾಮಾನ್ಯ ರೂಢಿ. ಮುಚ್ಚುವ ಮೊದಲು ಸೋಂಕಿನ ಸುಳಿವು ಕೊಡುವ ಸಿ.ಆರ್.ಪಿ., ಇ.ಎಸ್.ಆರ್. ರಕ್ತಪರೀಕ್ಷೆ, ಬಣ್ಣದ ಔಷಧಿ ಕೊಟ್ಟು ತೆಗೆಯುವ ಸ್ಕ್ಯಾನ್ ಮಾಡಿಸಿ, ಆಳದಲ್ಲಿ ಏನೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಖಾತ್ರಿಯಾಗಿ, ಗುಳಿಯೂ ತಲೆನೋವೂ ಹೆಚ್ಚುತ್ತಿದ್ದರೆ ನಾನು ಮೂರು ತಿಂಗಳ ಹತ್ತಿರವೇ ಮುಂದುವರಿಯುತ್ತೇನೆ. ಡಾಕ್ಟರನ್ನು ಹೀಗೆ ಕೇಳಿ: ಕೀವು ಎಷ್ಟು ಆಳದಿಂದ ಬರುತ್ತಿತ್ತು? ಕೀವಿನ ಕಲ್ಚರ್ ಪರೀಕ್ಷೆಯಲ್ಲಿ ಯಾವ ಕ್ರಿಮಿ ಬೆಳೆಯಿತು? ಆ ಕಲೆಯ ಕೆಳಗೇ ತಟ್ಟೆಯ ಅಂಚು ಬರುತ್ತದೆಯೇ, ಅಂಚನ್ನು ಬೇರೆ ಕಡೆಗೆ ಸರಿಸಲು ಆಗುತ್ತದೆಯೇ? ಹಣೆಯ ಗಾಳಿಚೀಲ ತೆರೆದುಕೊಂಡಿದೆಯೇ? ಈ ಕೊನೆಯದು ಸಣ್ಣ ಪ್ರಶ್ನೆ ಎನಿಸಬಹುದು. ಹುಬ್ಬಿನ ಮೇಲಿನ ಆ ಚೀಲ ಮೂಗಿಗೆ ಸೇರುತ್ತದೆ, ಅದು ತೆರೆದೇ ಇದ್ದರೆ ಯಾವ ವಸ್ತು ಹಾಕಿದರೂ ಮೂಗಿನ ಕ್ರಿಮಿ ಹತ್ತಿ ಕೆಡುತ್ತದೆ. ಮೊದಲು ಅದನ್ನು ಮುಚ್ಚಿ, ಬುರುಡೆಯ ಮೇಲ್ಪೊರೆಯನ್ನು ನಡುವೆ ಹೊದಿಸಬೇಕು.

ಚರ್ಮ ಬೆರಳಿನಲ್ಲಿ ಹಿಡಿದರೆ ದಪ್ಪವಾಗಿ ಎದ್ದು ಬಂದರೆ ಟೈಟೇನಿಯಂ ಸಾಕು. ತೆಳುವಾಗಿದ್ದು ಅಂಟಿಕೊಂಡಿದ್ದರೆ, ದುಂಡು ಅಂಚಿನ ಪೀಕ್ ನನಗೆ ಹೆಚ್ಚು ಸಮಾಧಾನ. ಬಹಳವೇ ತೆಳುವಾಗಿದ್ದರೆ ಯಾವ ತಟ್ಟೆಯೂ ಬೇಡ, ಮೊದಲು ಪ್ಲಾಸ್ಟಿಕ್ ಸರ್ಜನ್ ಒಳ್ಳೆಯ ಚರ್ಮ ತಂದು ಹೊದಿಸಲಿ.

ಹಗುರವಾದ ಆಪರೇಷನ್ ಎಂದೂ ತಿಳಿಯಬೇಡಿ. ಸೋಂಕು, ರಕ್ತ ಕಟ್ಟುವುದು, ಫಿಟ್ಸ್ ಸೇರಿ ಏನಾದರೊಂದು ತೊಂದರೆ ಶೇ. 10ರಿಂದ 40ರಷ್ಟು ರೋಗಿಗಳಲ್ಲಿ ವರದಿಯಾಗುತ್ತದೆ. ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ಯಾರೂ ತಾವಾಗಿಯೇ ನಿಲ್ಲಿಸಬಾರದು.

ಅಲ್ಲಿಯವರೆಗೆ ಎದ್ದು ಓಡಾಡುವಾಗೆಲ್ಲ ಹೆಲ್ಮೆಟ್ ಇರಲಿ, ಮಲಗುವಾಗ ಎಡಮಗ್ಗುಲು ಬೇಡ. ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ ಆ ಕಲೆಯ ಫೋಟೊ ತೆಗೆದಿಡಿ. ಕೆಂಪು, ಊತ, ಒಂದು ಹನಿ ಸೋರಿಕೆ ಕಂಡರೂ ಅಂದೇ ತೋರಿಸಿ. ತಟ್ಟೆ ಹಾಕಿದ ಮೇಲೆ ಅದು ಯಾವ ವಸ್ತು, ಯಾವ ತಯಾರಿಕೆ ಎಂದು ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಿ. ಹತ್ತು ವರ್ಷದ ನಂತರ ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಅವನನ್ನು ಮೊದಲು ಕೇಳುವುದು ಅದನ್ನೇ.